ಗೆರೆ ದಾಟಿದ ಎಣ್ಣೆ

ನಾನು ಚಿಕ್ಕವಳಿದ್ದಾಗ ಭಾನುವಾರವೆಂದರೆ ಆಟದ ದಿನವಲ್ಲ, ಲಾರಿಯ ಮೂಗು ತೊಳೆಯುವ ದಿನ. ನಗಬೇಡಿ ಮಕ್ಕಳೇ. ಲಾರಿಯೂ ನಮ್ಮ ಹಾಗೆ ಉಸಿರಾಡುತ್ತದೆ, ಧೂಳು ಹೊಕ್ಕರೆ ಅದಕ್ಕೂ ಕೆಮ್ಮು ಬರುತ್ತದೆ. ಅಪ್ಪ ಓಡಿಸುತ್ತಿದ್ದ ಡೀಸೆಲ್ ಲಾರಿ ವಾರವಿಡೀ ಕಲ್ಲಿನ ಕ್ವಾರಿಯಿಂದ ಜಲ್ಲಿ ಹೊತ್ತು ತಂದು ಹೊಸ ಬಿಲ್ಡಿಂಗ್‌ಗಳ ಮುಂದೆ ಸುರಿಯುತ್ತಿತ್ತು. ಶನಿವಾರ ಸಂಜೆ ಅದು ಅಂಗಳಕ್ಕೆ ಬಂದು ನಿಂತಾಗ ಅದರ ಹಸಿರು ಬಣ್ಣ ಎಲ್ಲಿಯೂ ಕಾಣುತ್ತಿರಲಿಲ್ಲ. ಅಪ್ಪನ ರೆಪ್ಪೆಗಳೂ ಬೆಳ್ಳಗಾಗಿರುತ್ತಿದ್ದವು.

ನಾವಿದ್ದದ್ದು ವಿಕ್ರೋಳಿಯಲ್ಲಿ, ಲಾರಿಗಳು ನಿಲ್ಲುವ ಅಂಗಳದ ಹಿಂದಿನ ಸಾಲುಮನೆಗಳ ಚಾಳಿನಲ್ಲಿ. ಒಂದೇ ಕೋಣೆಯ ಖೋಲಿ, ಅದರಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು. ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಬಂದವರು, ಅಕ್ಕ ಮತ್ತು ನಾನು ಇಲ್ಲಿಯೇ ಹುಟ್ಟಿದವರು. ಲಾರಿ ನಮ್ಮದಾಗಿರಲಿಲ್ಲ, ಸೇಠರದ್ದು. ನಾವಿದ್ದ ಖೋಲಿಯೂ ಅವರದೇ. ಲಾರಿಯ ಕೆಲಸ ಇರುವ ತನಕ ಖೋಲಿ, ಕೆಲಸ ಹೋದರೆ ಖೋಲಿಯೂ ಹೋಯಿತು. ಇದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿರಲಿಲ್ಲ. ಆದರೆ ಹಿಂದಿನ ಮಳೆಗಾಲದಲ್ಲಿ ಪಕ್ಕದ ಖೋಲಿಯ ಡ್ರೈವರ್ ನಿಷ್ಕಾಳಜಿಯಿಂದ ಇಂಜಿನ್ ಕೆಡಿಸಿದನೆಂದು ಸೇಠರು ಅವನನ್ನು ಅವತ್ತೇ ಹೊರಗೆ ಹಾಕಿದ್ದರು. ಅವನ ಹೆಂಡತಿ ಟ್ರಂಕು, ಸ್ಟೋವು, ಹಾಸಿಗೆ ಸುರುಳಿ ಇಟ್ಟುಕೊಂಡು ನಲ್ಲಿಯ ಹತ್ತಿರ ಕುಳಿತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಲಾರಿಯ ಬಾನೆಟ್ ಎತ್ತಿದರೆ ಇಂಜಿನ್ನಿನ ಮಗ್ಗುಲಲ್ಲಿ ಸಣ್ಣ ಕೊಡದಷ್ಟು ದಪ್ಪದ ಒಂದು ಕಬ್ಬಿಣದ ಡಬ್ಬಿ ಇರುತ್ತಿತ್ತು. ಅದೇ ಏರ್ ಫಿಲ್ಟರ್. ಈಗಿನ ಕಾಗದದ ಫಿಲ್ಟರಿನ ಹಾಗೆ ಕೊಳೆಯಾದರೆ ಎಸೆಯುವಂಥದ್ದಲ್ಲ, ತೊಳೆದು ತೊಳೆದು ವರ್ಷಗಟ್ಟಲೆ ಬಳಸುವಂಥದ್ದು. ಕೆಳಗೆ ಎಣ್ಣೆಯ ಬಟ್ಟಲು, ಮೇಲೆ ತಂತಿಯ ಜಾಳಿ. ಹೊರಗಿನ ಗಾಳಿ ಮೊದಲು ಎಣ್ಣೆಯ ಮೇಲೆ ಸುಳಿದು ಧೂಳನ್ನು ಅಲ್ಲಿಯೇ ಬಿಟ್ಟು, ಜಾಳಿಯಲ್ಲಿ ಸೋಸಿಕೊಂಡು, ಆಮೇಲೆ ಇಂಜಿನ್ನಿನೊಳಗೆ ಹೋಗಬೇಕು. ಅದನ್ನು ತೊಳೆಯುವ ಕೆಲಸ ನನ್ನದಾಗಿತ್ತು. ಅಕ್ಕನಿಗೆ ಡೀಸೆಲ್ ವಾಸನೆಗೆ ತಲೆ ಸುತ್ತುತ್ತಿತ್ತು. ನನಗೆ ಆ ವಾಸನೆ ಎಂದರೆ ಪ್ರಾಣ.

ಬಂಪರಿನ ಮೇಲೆ ಹತ್ತಿ ನಿಂತು, ಕ್ಲಿಪ್ ಬಿಚ್ಚಿ, ಬಟ್ಟಲನ್ನು ತುಂಬಿದ ಸಾರಿನ ಪಾತ್ರೆಯಂತೆ ಅಲುಗದ ಹಾಗೆ ಇಳಿಸುತ್ತಿದ್ದೆ. ಮೇಲೆ ಕಪ್ಪು ಎಣ್ಣೆ, ತಳದಲ್ಲಿ ಗಟ್ಟಿ ಅಂಬಲಿಯಂತೆ ಕೂತ ಧೂಳು. ಎಣ್ಣೆಯನ್ನು ಹಳೆಯ ಡಬ್ಬಕ್ಕೆ ಬಗ್ಗಿಸಿ, ತಳವನ್ನು ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯಬೇಕು. ಜಾಳಿಯನ್ನು ಡೀಸೆಲ್ಲಿನಲ್ಲಿ ಅದ್ದಿ, ತಿರುಗಿಸಿ, ಕುಲುಕಿ ತೊಳೆಯಬೇಕು. ಮೊದಲ ಸಲ ಡೀಸೆಲ್ ಮಸಿಯಾಗುತ್ತಿತ್ತು, ಎರಡನೆಯ ಸಲ ಚಹಾದ ಬಣ್ಣ, ಮೂರನೆಯ ಸಲ ತಿಳಿ. ಆಮೇಲೆ ಜಾಳಿಯನ್ನು ಬಟ್ಟೆ ಒಣಹಾಕುವ ತಂತಿಗೆ ತೂಗುಹಾಕಿ ಕೊನೆಯ ಹನಿ ಬೀಳುವ ತನಕ ಕಾಯಬೇಕು. ಅವಸರ ಮಾಡುವಂತಿಲ್ಲ. ಅಷ್ಟರಲ್ಲಿ ಬಟ್ಟಲನ್ನು ಹರಕು ಬನಿಯನ್ನಿನಿಂದ ಒರೆಸಿ, ರಬ್ಬರ್ ರಿಂಗು ಎಲ್ಲಿಯಾದರೂ ಬಿರಿದಿದೆಯೇ ಎಂದು ಉಗುರಿನಿಂದ ಸವರಿ ನೋಡುತ್ತಿದ್ದೆ.

ಕೊನೆಯದು ಎಣ್ಣೆ ತುಂಬುವುದು. ಬಟ್ಟಲಿನ ಒಳಗೆ ಸುತ್ತಲೂ ಒಂದು ಗೆರೆ ಇತ್ತು. ಎಣ್ಣೆ ಆ ಗೆರೆಯನ್ನು ಮುಟ್ಟಬೇಕು, ದಾಟಬಾರದು. ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ. ಹೆಚ್ಚಾದರೆ ಇಂಜಿನ್ ಗಾಳಿಯ ಜೊತೆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಡೀಸೆಲ್ ಇಂಜಿನ್ನಿಗೆ ಎಣ್ಣೆಯೂ ಊಟವೇ. ಅದನ್ನೇ ಉರಿಸಿಕೊಂಡು ಹುಚ್ಚು ಹಿಡಿದಂತೆ ಓಡತೊಡಗುತ್ತದೆ, ನಿಲ್ಲಿಸಿದರೆ ನಿಲ್ಲುವುದಿಲ್ಲ. ಇದನ್ನೆಲ್ಲ ನನಗೆ ಕಲಿಸಿದವನು ಅಪ್ಪನೇ. ನಾನು ಬಟ್ಟಲನ್ನು ಸಮತಟ್ಟಾದ ಹಾಸುಗಲ್ಲಿನ ಮೇಲಿಟ್ಟು, ನೆಲಕ್ಕೆ ಗಲ್ಲ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ ಗೆರೆ ನೋಡುತ್ತಿದ್ದೆ. ಬೇರೆ ಡ್ರೈವರುಗಳು ಬಂದು ಬಗ್ಗಿ ನೋಡಿ, ಇದನ್ನು ತೊಳೆದವರು ಯಾರು ಎಂದು ಕೇಳುತ್ತಿದ್ದರು. “ನಮ್ಮ ಸಣ್ಣಾಕಿ,” ಎನ್ನುತ್ತಿದ್ದ ಅಪ್ಪ. ಆಗ ನನಗೆ ಹತ್ತು ವರ್ಷ. ಶಾಲೆಯಲ್ಲಿ ನಾನು ಯಾವುದರಲ್ಲಿಯೂ ಮುಂದಿರಲಿಲ್ಲ. ಆ ಅಂಗಳದಲ್ಲಿ ಮಾತ್ರ ನನಗೊಂದು ಹೆಸರಿತ್ತು.

ಒಂದು ಭಾನುವಾರ ಅಪ್ಪನಿಗೆ ಬೆಳಗಿನಿಂದಲೇ ಗಡಿಬಿಡಿ. ಮರುದಿನದಿಂದ ಲಾರಿ ಭಿವಂಡಿಯ ಕಡೆಗೆ ಹೋಗಬೇಕು, ಎರಡು ವಾರ ಮನೆಗೆ ಬರುವಂತಿಲ್ಲ ಎಂದು ಸೇಠರು ಹೇಳಿ ಕಳಿಸಿದ್ದರು. ನಾನು ಎಂದಿನಂತೆ ತೊಳೆದೆ, ಒಣಗಿಸಿದೆ, ಎಣ್ಣೆ ತುಂಬಿ ಗೆರೆ ನೋಡಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಪ್ಪನನ್ನು ಕರೆದೆ. ಅವನು ಬಂದು ನೋಡಿ, ಎಣ್ಣೆಯ ಡಬ್ಬ ಎತ್ತಿ ಇನ್ನೂ ಸುರಿಯತೊಡಗಿದ.

“ಅಪ್ಪಾ, ಗೆರಿ ದಾಟೇತಿ,” ಎಂದೆ.

“ಇರ್ಲಿ ಬಿಡು. ಎರಡು ವಾರ ಅಲ್ಲಿ ಯಾರು ತೊಳಿಯಾಕ ಕುಂತಾರ? ಒಂದೀಟು ಹೆಚ್ಚಿಗಿ ಇದ್ರ ತಡಿತೈತಿ.”

“ನೀನ ಹೇಳಿದ್ದಿಯಲ್ಲ, ಇಂಜಿನ್ ಜಗ್ಗತೈತಿ ಅಂತ?”

“ನನಗ ಕಲಸಾಕ ಬರಬ್ಯಾಡ,” ಎಂದ ಅಪ್ಪ. ಗದರಿಸಿ ಅಲ್ಲ, ನಗುತ್ತಲೇ. ತಾನೇ ಬಟ್ಟಲನ್ನು ಎತ್ತಿ ಕೂರಿಸಿ ಕ್ಲಿಪ್ ಹಾಕಿದ. ಅಕ್ಕ ಅಲ್ಲಿಯೇ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅವಳು ಇದೆಲ್ಲವನ್ನೂ ನೋಡಿದಳು, ಕೇಳಿದಳು.

ನಾಲ್ಕು ಗಂಟೆಗೆ ಸೇಠರು ಲಾರಿ ನೋಡಲು ಬಂದರು. ಅಪ್ಪ ಸ್ಟಾರ್ಟ್ ಮಾಡಿದ. ಮೊದಲು ಎಲ್ಲ ಸರಿಯಾಗಿಯೇ ಇತ್ತು. ಜೋರು ಮಾಡಿ ತೋರಿಸು ಎಂದು ಸೇಠರು ಕೈಸನ್ನೆ ಮಾಡಿದರು. ಅಪ್ಪ ಕಾಲೊತ್ತಿದ. ಇಂಜಿನ್ನಿನ ಸದ್ದು ಏರಿತು. ಅಪ್ಪ ಕಾಲು ತೆಗೆದ ಮೇಲೂ ಸದ್ದು ಏರುತ್ತಲೇ ಹೋಯಿತು. ಸೈಲೆನ್ಸರಿನಿಂದ ನೀಲಿ ಹೊಗೆ ಬುಸುಬುಸು ಎಂದು ಬಂದು ಅಂಗಳ ತುಂಬಿತು. ಅಪ್ಪ ಇಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದ. ಅದು ತಂತಿಯ ಸಮೇತ ಕೈಗೆ ಬಂತೇ ಹೊರತು ಇಂಜಿನ್ ನಿಲ್ಲಲಿಲ್ಲ. ಇಡೀ ಲಾರಿ ಗಡಗಡ ನಡುಗುತ್ತಿತ್ತು. ಚಾಳಿನ ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ನಾನು ಅಕ್ಕನ ಬಟ್ಟೆಬುಟ್ಟಿಯ ಕೆಳಗಿದ್ದ ಒದ್ದೆ ಗೋಣಿಚೀಲವನ್ನು ಎಳೆದು ತಂದು ಅಪ್ಪನಿಗೆ ಕೊಟ್ಟೆ. ಉಸಿರು ಕಟ್ಟಿಸಿದರೆ ನಿಲ್ಲುತ್ತದೆ ಎಂದು ಅವನೇ ಹಿಂದೊಮ್ಮೆ ಹೇಳಿದ್ದ. ಅಪ್ಪ ಕೆಳಗೆ ಜಿಗಿದು, ಬಾನೆಟ್ ಎತ್ತಿ, ಅದನ್ನು ಫಿಲ್ಟರಿನ ಬಾಯಿಗೆ ಎರಡೂ ಕೈಯಿಂದ ಒತ್ತಿ ಹಿಡಿದ. ಇಂಜಿನ್ ಕೊಸರಾಡಿ, ಒಳಗೆಲ್ಲೋ ಕಟಕಟ ಎಂದು ಏನೋ ಮುರಿದು, ನಿಂತಿತು.

ಕಿವಿ ಗುಂಯ್ ಎನ್ನುತ್ತಿತ್ತು. ಸೇಠರು ಹೊಗೆಯಲ್ಲಿ ಕೆಮ್ಮುತ್ತ ಹತ್ತಿರ ಬಂದು, ಇದನ್ನು ಮಾಡಿದವರು ಯಾರೆಂದು ಕೇಳಿದರು, “ಕಿಸ್ನೇ ಕಿಯಾ ಯೇ?”

ಅಪ್ಪ ಗೋಣಿಚೀಲವನ್ನು ಕೆಳಗೆ ಹಾಕಿದ. ನಾನು ಅವನ ಪಕ್ಕದಲ್ಲಿಯೇ ಇದ್ದೆ. ಅವನು ನನ್ನ ಕಡೆ ನೋಡಲಿಲ್ಲ, ಬೆರಳು ಮಾತ್ರ ತೋರಿಸಿದ. “ಛೋಟಿ ಲಡ್ಕಿ ನೇ ತೇಲ್ ಜಾಸ್ತಿ ಡಾಲ್ ದಿಯಾ ಸೇಠ್. ಬಚ್ಚಾ ಹೈ.”

ನನಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಅಪ್ಪನಿಗಿಂತ ಚೆನ್ನಾಗಿ. ಆದರೂ, ಸಣ್ಣ ಹುಡುಗಿ ಎಣ್ಣೆ ಜಾಸ್ತಿ ಹಾಕಿಬಿಟ್ಟಳು ಎಂದು ಅವನು ಅಂದದ್ದನ್ನು ನಾನೇ ತಪ್ಪಾಗಿ ಕೇಳಿರಬೇಕು ಎಂದುಕೊಂಡೆ. ಸೇಠರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಎಣ್ಣೆ ಹತ್ತಿದ ಫ್ರಾಕು, ಕಪ್ಪಗಾದ ಕೈ. ಹತ್ತು ವರ್ಷದ ಹುಡುಗಿಯನ್ನು ಕೆಲಸದಿಂದ ತೆಗೆಯುವುದು ಹೇಗೆ? ಅವರ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಹುಡುಗಿಯ ಕೈಗೆ ಮಷೀನು ಕೊಡುತ್ತೀಯಾ ಎಂದು ಅಪ್ಪನನ್ನು ಬೈದು, ಇವಳು ಇನ್ನು ಗಾಡಿಯ ಹತ್ತಿರ ಕಾಣಬಾರದು ಎಂದು ಹೇಳಿ ಹೊರಟುಹೋದರು. ಅಪ್ಪನ ಕೆಲಸ ಉಳಿಯಿತು. ಖೋಲಿಯೂ ಉಳಿಯಿತು.

ಇಷ್ಟೇ ಆಗಿದ್ದರೆ ನಾನು ಈ ಕಥೆಯನ್ನು ಬರೆಯುತ್ತಿರಲಿಲ್ಲ. ಟ್ರಂಕು ಇಟ್ಟುಕೊಂಡು ನಲ್ಲಿಯ ಹತ್ತಿರ ಕುಳಿತಿದ್ದ ಆ ಹೆಂಗಸು ಅಪ್ಪನ ಕಣ್ಣ ಮುಂದೆಯೂ ಬಂದಿರಬೇಕು. ಸೇಠರಿಗೆ ಹೇಳಿದ ಸುಳ್ಳನ್ನು ನಾನು ಎಂದೋ ಕ್ಷಮಿಸಿದ್ದೇನೆ. ಕ್ಷಮಿಸಲಾಗದ್ದು ಆಮೇಲಿನದು. ಒಳಗೆ ಬಂದಾಗ ಅವ್ವ ನನ್ನ ಬೆನ್ನಿಗೆ ಎರಡು ಬಾರಿಸಿದಳು. “ಮನಿ ಮುರಿಯಾಕ ಹುಟ್ಟಿಯೇನು?” ಎಂದಳು. ಅಪ್ಪ ಖೋಲಿಯ ಮೂಲೆಯ ಮೋರಿಯಲ್ಲಿ ಕೈ ತೊಳೆಯುತ್ತಿದ್ದ. ಖೋಲಿಯಲ್ಲಿ ಸೇಠರಿರಲಿಲ್ಲ, ಹೊರಗಿನವರು ಯಾರೂ ಇರಲಿಲ್ಲ. ಈಗ ಹೇಳುತ್ತಾನೆ ಎಂದು ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಅವನು ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದ. ಒರೆಸಿಕೊಂಡು ಹೊರಗೆ ಹೋದ.

ತಿರುಗಿ ಬಂದಾಗ ಅವನ ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಬಿಸಿ ಬಟಾಟಾ ವಡಾ. ಅಕ್ಕನಿಗೆ ಒಂದು, ನನಗೆ ಎರಡು. ನಾನು ಬೇಡ ಎನ್ನಬೇಕಿತ್ತು. ಹಸಿವಾಗಿತ್ತು, ಬೆಳ್ಳುಳ್ಳಿ ಚಟ್ನಿಯ ವಾಸನೆ ಬೇರೆ. ಎರಡನ್ನೂ ತಿಂದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆಯೇ ರೇಗುತ್ತದೆ. ಮಲಗುವ ಮುಂಚೆ ಅಕ್ಕನನ್ನು ಕೇಳಿದೆ, “ನೀ ನೋಡಿಯಲ್ಲ, ಅವ್ವಗ ಹೇಳು.” ಅಕ್ಕ ಮಗ್ಗುಲು ಬದಲಿಸಿ, “ಸುಮ್ಮಕಿರು, ನಿನ್ ಗಂಟೇನ್ ಹೋತು?” ಎಂದಳು. ಈಗ ಕೇಳಿದರೆ ತನಗೆ ನೆನಪೇ ಇಲ್ಲ ಎನ್ನುತ್ತಾಳೆ.

ಹೋಗಿದ್ದು ನನ್ನ ಗಂಟೇ. ಲಾರಿ ರಿಪೇರಿಯಾಗಿ ಬಂದ ಮೇಲೆ ಭಾನುವಾರಗಳಂದು ಫಿಲ್ಟರನ್ನು ಅಪ್ಪನೇ ತೊಳೆಯತೊಡಗಿದ. ಜಾಳಿಯಿಂದ ಇನ್ನೂ ಡೀಸೆಲ್ ತೊಟ್ಟಿಕ್ಕುತ್ತಿದ್ದಾಗಲೇ ಜೋಡಿಸಿಬಿಡುತ್ತಿದ್ದ. ನಾನು ಬಾಗಿಲಲ್ಲಿ ಕುಳಿತು ನೋಡಿ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ವರ್ಷಗಳು ಕಳೆದಂತೆ ಅಪ್ಪ ಆ ದಿನವನ್ನು ತಮಾಷೆಯ ಕಥೆ ಮಾಡಿಕೊಂಡ. ನನ್ನ ಮದುವೆಯಲ್ಲಿ ಬೀಗರ ಮುಂದೆ, “ಈಕಿ ಕೈಯಾಗ ಮಷೀನ್ ಕೊಡಬ್ಯಾಡ್ರಿ, ಲಾರಿಗೇ ಹುಚ್ಚ ಹಿಡಿಸ್ಯಾಳ,” ಎಂದು ಹೇಳಿ ಎಲ್ಲರನ್ನೂ ನಗಿಸಿದ. ನಾನು ಅವನ ಮುಖವನ್ನೇ ನೋಡಿದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಸಲ ಹೇಳಿ ಹೇಳಿ ಅದನ್ನು ನಿಜವೆಂದೇ ನಂಬಿಬಿಟ್ಟಿದ್ದ. ನಿಮ್ಮ ಪಪ್ಪಾ ನಿಮಗೆ ಹೇಳಿ ನಗಿಸುವ ‘ಅಜ್ಜಿಯ ಲಾರಿ ಕಥೆ’ ಇದೇ. ನಿಮಗೆ ಕನ್ನಡ ಓದಲು ಬಾರದ್ದರಿಂದ ಇದನ್ನೂ ಅವನೇ ಓದಿ ಹೇಳಬೇಕು. ಓದಲಿ.

ಮುಲುಂಡಿನ ಈ ಮನೆಯಲ್ಲಿ ನಿಮಗೆ ನಿಮ್ಮದೇ ರೂಮಿದೆ. ಸಿಟ್ಟು ಬಂದರೆ ಬಾಗಿಲು ಹಾಕಿಕೊಳ್ಳುತ್ತೀರಿ. ನಮಗೆ ಸಿಟ್ಟು ಬಂದರೆ ಗೋಡೆಗೆ ಮುಖ ಮಾಡಿ ಕೂರಬೇಕಿತ್ತು. ದೊಡ್ಡವಳೇ, ಹೋದ ತಿಂಗಳು ಪಪ್ಪಾನ ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿದಾಗ ಅವನು ನಿನ್ನನ್ನು ಬೈದ. ನೀನು “ಮೈನೇ ನಹೀ ಕಿಯಾ!”, ನಾನು ಮಾಡಿಲ್ಲ, ಎಂದು ಕಿರುಚಿ ಬಾಗಿಲು ಬಡಿದುಕೊಂಡೆ. ಬಾಟಲಿಯ ಮುಚ್ಚಳ ತಿರುಗಿಸದೆ ಇಟ್ಟವನು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು. ಬಾಗಿಲು ತಟ್ಟಿ ಒಳಗೆ ಬಂದು, ನಿನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತು, “ಸಾರಿ ಬೇಟಾ, ತಪ್ಪು ನಂದೇ,” ಎಂದ. ನೀನು ಮೊಬೈಲಿನಿಂದ ಕಣ್ಣೆತ್ತದೆ “ಇಟ್ಸ್ ಓಕೆ ಪಪ್ಪಾ” ಎಂದೆ. ಎರಡು ನಿಮಿಷದಲ್ಲಿ ಇಬ್ಬರೂ ಊಟಕ್ಕೆ ಬಂದಿರಿ.

ನಾನು ತಟ್ಟೆ ಹಾಕುತ್ತಿದ್ದೆ. ಮಗನ ಬಗ್ಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಅರವತ್ತು ದಾಟಿದ ಅಜ್ಜಿಗೆ ಹತ್ತು ವರ್ಷದ ಮೊಮ್ಮಗಳ ಮೇಲೆ ಹೊಟ್ಟೆಕಿಚ್ಚು. ನಿನಗೆ ಅದು ಈಗ ನೆನಪೂ ಇರಲಿಕ್ಕಿಲ್ಲ. ಆ ಒಂದು ಮಾತು ಹೇಳಲು ನಿನ್ನ ಪಪ್ಪಾನಿಗೆ ಅರ್ಧ ಗಂಟೆ ಹಿಡಿಯಿತು. ನನ್ನ ಅಪ್ಪ ಆ ಭಾನುವಾರದ ನಂತರ ಮೂವತ್ತೊಂದು ವರ್ಷ ಬದುಕಿದ್ದ.