ಕುಲುಕಿ ಇಳಿಸುವುದು

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಲಾಗ್ ಫೈಲಿಗೆ ಬರೆದು ಬರೆದು, ಡಿಸ್ಕ್ ತುಂಬಿಸಿಕೊಂಡು ನಿಂತುಬಿಟ್ಟಿತ್ತು. ಫೈಲು ದೊಡ್ಡದಾದ ಕೂಡಲೇ ಹೊಸದು ಶುರುವಾಗಲಿ, ತೀರಾ ಹಳೆಯದು ಅಳಿಯಲಿ ಎಂದು ಹೊಂದಿಸತೊಡಗಿದೆ.

"ಕೊಬ್ಬರಿ ಒಣಗಿಸೋ ನಮ್ಮ ಅಟ್ಟದ ಹಂಗೇ ಕಣ್ರೀ, ಹೊಸ ಕಾಯಿ ಏರಿದ್ರೆ ಹಳೇದು ಇಳೀಬೇಕು," ಎಂದೆ ಮಂಡಿ ಸಾಹುಕಾರರಿಗೆ.

"ಅಟ್ಟದ ಕಾಯಿ ಕುಲುಕಿ, ಒಳಗೆ ಕೊಬ್ಬರಿ ಆಡೋ ಸದ್ದು ಕೇಳಿ ಇಳಿಸ್ತೀವಿ. ನೀನು ಕುಲುಕಿದ್ಯೇನಪ್ಪಾ?"

ಆ ಕಸವನ್ನು ಯಾರು ಓದುತ್ತಾರೆ ಎಂದು ಗೊಣಗುತ್ತಲೇ ಹಳೆಯ ಫೈಲು ತೆರೆದೆ. ಅದರ ತುಂಬ ಒಂದೇ ಸಾಲು ಮತ್ತೆ ಮತ್ತೆ ಇತ್ತು: "ಡಿಸ್ಕ್ ತುಂಬುತ್ತಿದೆ, ಗಮನಿಸಿ."

ಡಿಸ್ಕ್ ತುಂಬಿಸಿದ್ದೂ ಆ ಸಾಲೇ.