ನವರಂಗ ಇಳಿಯುತ್ತಿದ್ದ ಮೂಲೆ

ಜೆ.ಪಿ. ನಗರದ ಯಾವ ಫುಟ್‌ಪಾತಿನಲ್ಲಾದರೂ ಕೊಳೆತ ಹೊಂಗೆ ಎಲೆಯ ವಾಸನೆ ಮೂಗಿಗೆ ಬಡಿದರೆ ನನಗೆ ಕಾಲು ನಿಲ್ಲುವುದಿಲ್ಲ, ಪುಟ್ಟೇನಹಳ್ಳಿಯ ನಮ್ಮ ಹೆಂಚಿನ ಮನೆಯ ಹಿತ್ತಲಿಗೆ ಓಡಬೇಕೆನಿಸುತ್ತದೆ. ಹಿತ್ತಲು ಹಾಗಿರಲಿ, ಮನೆಯೇ ಈಗಿಲ್ಲ. ನಿಮ್ಮದೂ ಒಂದು ಹೀಗೆ ಹೋಗಿರುತ್ತದೆ, ಗೊತ್ತು. ಅಂಗಳವನ್ನು ದಿನಕ್ಕೆ ಮೂರು ಸಲ, ಸುಳ್ಳಲ್ಲ, ನೆಲ ಅರ್ಧ ಅಡಿ ಇಳಿಯುವಷ್ಟು ಗುಡಿಸುತ್ತಿದ್ದ ಅಜ್ಜಿ, ಹಿತ್ತಲ ಹೊಂಗೆ ಮರದ ಕೆಳಗಿನ ಮೂಲೆಗೆ ಮಾತ್ರ ದಸರಾದಿಂದ ಯುಗಾದಿಯವರೆಗೆ ಪೊರಕೆ ಮುಟ್ಟಿಸುತ್ತಿರಲಿಲ್ಲ. ಪ್ರತಿ ಚಳಿಗಾಲ ಅಲ್ಲಿಗೆ ನವರಂಗ ಹಕ್ಕಿ ಬರುತ್ತಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ಮಿಂಚುವ ನೀಲಿ, ಮದುವೆಗೆ ಹೊರಟಂತೆ ಕಣ್ಣಿಗೆ ದಪ್ಪ ಕಾಡಿಗೆ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು. ಇಷ್ಟೆಲ್ಲ ಇದ್ದೂ ದರ್ಜಿಗೆ ಬಟ್ಟೆ ಸಾಲದೆ ಹೋದಂಥ ಮೋಟು ಬಾಲ. ಕಾಡಿನ ಹಕ್ಕಿಯಾದರೂ ಹಾರಲು ಮಹಾ ಸೋಮಾರಿ. ನೆಲದಲ್ಲೇ ಕುಪ್ಪಳಿಸಿ, ಕೊಕ್ಕಿನಿಂದ ಎಲೆ ಮಗುಚಿ, ಹುಳು ಎಳೆದು, ಬಾಲ ಕುಣಿಸುತ್ತಿತ್ತು. ಮುಸ್ಸಂಜೆಗೆ ಎರಡು ಸ್ವರದ ಸಿಳ್ಳೆ ಹಾಕುತ್ತಿತ್ತು.

ನಾನು ಶಾಲೆಯಲ್ಲಿದ್ದ ಒಂದು ವರ್ಷ, ಮನೆ ಒಡೆದು ನಾಲ್ಕು ಮಹಡಿ ಎಬ್ಬಿಸಲು ಅಪ್ಪ ತುದಿಗಾಲಲ್ಲಿದ್ದರು. ಅಜ್ಜಿಯದು ಒಂದೇ ಹಟ: "ಹಕ್ಕಿ ಹೋಗ್ಲಿ, ಆಮೇಲೆ ಏನಾದ್ರೂ ಮಾಡ್ಕೋ." ಅಪ್ಪ ಗೊಣಗಿಕೊಂಡೇ ಒಪ್ಪಿದ್ದರು. ನಾನೋ, ಕ್ಲಾಸಿನಲ್ಲೆಲ್ಲ ನಮ್ಮನೆ ಹಕ್ಕಿ ಕೋಳಿಯಷ್ಟು ದಪ್ಪ, ಮೈಮೇಲೆ ಒಂಬತ್ತು ಬಣ್ಣ ಎಂದು ಹಬ್ಬಿಸಿದ್ದೆ. ಗೆಳತಿ ಕಾವ್ಯ ನಂಬಲಿಲ್ಲ. "ಡವ್ ಮಾಡ್ಬೇಡ ಮಗಾ, ನೀನ್ ಒಂಬತ್ ಬಣ್ಣ ಅಂದ್ರೆ ಎಂಟು ಕಟ್ ಮಾಡ್ಬೇಕು!" ಭಾನುವಾರ ಅವಳನ್ನು ಕರೆದೆ. ಹಕ್ಕಿ ಎಲೆಗಳಲ್ಲಿ ಮುಚ್ಚಿಹೋಗಬಾರದೆಂದು ಮಧ್ಯಾಹ್ನವೇ ಆ ಮೂಲೆಯನ್ನು ಕನ್ನಡಿಯಂತೆ ಗುಡಿಸಿ, ಎಲೆಯನ್ನೆಲ್ಲ ಕಸದ ಗಾಡಿಗೆ ಹಾಕಿದೆ. ಸಂಜೆ ನವರಂಗ ಇಳಿಯಿತು. ಬೋಳು ನೆಲವನ್ನು ಎರಡು ಸಲ ಕುಕ್ಕಿತು, ಕತ್ತು ಓರೆಮಾಡಿ ನಿಂತಿತು, ಕಾಂಪೌಂಡು ದಾಟಿ ಹೋಯಿತು. "ಸಖತ್ತಾಗಿದೆ ಕಣೇ!" ಎಂದಳು ಕಾವ್ಯ. ಹಿಂದೆ ನಿಂತಿದ್ದ ಅಜ್ಜಿ, "ಮನೆ ಗುಡ್ಸು ಅಂದ್ರೆ ಸೊಂಟ ನೋವು ಅಂತಿದ್ಯಲ್ಲೇ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನದಿಂದ ಅಜ್ಜಿ ಬೀದಿಬೀದಿಯ ಎಲೆಯನ್ನು ಗೋಣಿಚೀಲದಲ್ಲಿ ತುಂಬಿ ತಂದು ಆ ಮೂಲೆಗೆ ಹರಡಿದಳು. ನಾನೂ ಹೊತ್ತೆ. ವಾರ ಕಳೆದರೂ ಹಕ್ಕಿ ಬರಲಿಲ್ಲ. "ಹೋಯ್ತಲ್ಲಮ್ಮ, ಇನ್ನೇನು?" ಎಂದು ಅಪ್ಪ ಜೆಸಿಬಿ ಕರೆಸಿದರು. ಅಜ್ಜಿ ಡ್ರೈವರಿಗೆ, "ಅಣ್ಣ, ಆ ಮೂಲೆ ಕೊನೇಗೆ ಮಾಡಪ್ಪ," ಎಂದಳು. ಅವನು ಹಾಗೇ ಮಾಡಿದ. ಅಡುಗೆಮನೆ ಬಿತ್ತು, ಪಡಸಾಲೆ ಬಿತ್ತು. ಸಂಜೆ ಯಂತ್ರವನ್ನು ಹೊಂಗೆಯತ್ತ ತಿರುಗಿಸಿ ಅಜ್ಜಿಯ ಮುಖ ನೋಡಿದ. ಅಜ್ಜಿ ಎದುರುಮನೆಗೆ ಹೋಗಿ ಒಂದು ಲೋಟ ಕಾಫಿ ತಂದು ಅವನ ಕೈಗಿತ್ತಳು.

"ನಿಧಾನಕ್ಕೆ ಕುಡಿಯಪ್ಪ," ಎಂದಳು, ಎಲೆಗಳ ಮೇಲಿಂದ ಕಣ್ಣು ತೆಗೆಯದೆ. "ಬಿಸಿ ಇದೆ."