ಅತ್ತೆಮನೆ ಊಟದ ನಂತರದ ದಾರಿ

ಕಾರವಾರದಿಂದ ಅಂಕೋಲೆಗೆ ಹಿಡಿದ ಬಾಡಿಗೆ ಓಮ್ನಿಯ ಚಾಲಕ ಗಣಪಣ್ಣ, ಊಟಕ್ಕೆಂದು ನನ್ನನ್ನೂ ಅಮದಳ್ಳಿಯ ತನ್ನ ಅತ್ತೆಮನೆಗೆ ಕರೆದೊಯ್ದ. ಅಲ್ಲಿ ಅಳಿಯ ಸಾಕು ಅಂದರೆ ಇನ್ನಷ್ಟು ಬಡಿಸಬೇಕು ಎಂದೇ ಅರ್ಥ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಬರುತ್ತಲೇ ಇದ್ದವು. ನಾನೂ ಬಿಡಲಿಲ್ಲ ಅನ್ನಿ.

ಹೆದ್ದಾರಿಗೆ ಬಂದದ್ದೇ ಅವನ ರೆಪ್ಪೆ ಇಳಿಯತೊಡಗಿತು. ಎದುರಿಗೆ ಸಾಲುಸಾಲು ಅದಿರಿನ ಲಾರಿಗಳು.

"ಗಣಪಣ್ಣಾ, ನಿಲ್ಲಿಸಿ ಸ್ವಲ್ಪ ಮಲಗು."

"ಮಲಗಿದ್ರೆ ಸಂಜೆವರೆಗೂ ಏಳೂದಿಲ್ಲ ತಮಾ. ನೀ ಎಂತಾದ್ರೂ ಮಾತಾಡ್ತಾ ಇರು."

ನನಗೆ ಬರುವ ವಿದ್ಯೆ ಒಂದೇ, ಕಂಡವರ ದನಿಯನ್ನು ಅಣಕಿಸುವುದು. ಅವನ ಅತ್ತೆಯ ದನಿ ತೆಗೆದೆ: "ಅಳಿಯಂದ್ರೇ, ಇನ್ನೊಂದೇ ತುತ್ತು!" ಗಣಪಣ್ಣ ಬಿದ್ದುಬಿದ್ದು ನಕ್ಕ. ಕಷ್ಟವೆಂದರೆ ಅವನು ನಗುವುದು ಎರಡೂ ಕಣ್ಣು ಮುಚ್ಚಿಕೊಂಡು. ಓಮ್ನಿ ಲಾರಿಯತ್ತ ವಾಲಿತು. "ನಗಬೇಡ ಅಣ್ಣಾ!" ಎಂದು ಕಿರುಚಿದ್ದು ನನ್ನದೇ ದನಿ. ಅದು ಅಷ್ಟು ಕೀರಲು ಎಂದು ನನಗೇ ಗೊತ್ತಿರಲಿಲ್ಲ.

ಅವನು ಗಾಡಿಯನ್ನು ಎಡಕ್ಕೆ ಎಳೆದುಕೊಂಡ ಮೇಲೆ ಮತ್ತೆ ಅತ್ತೆಯಾದೆ: "ಅಳಿಯಂದ್ರೇ, ಬರೂ ವಾರದಿಂದ ನಾವೂ ನಿಮ್ಮನೇಲೇ ಉಳೂಕೆ ಬರ್ತೇವೆ."

ನಗು ನಿಂತಿತು. ಅಂಕೋಲೆ ಬರುವವರೆಗೂ ಅವನು ರೆಪ್ಪೆ ಬಡಿಯಲಿಲ್ಲ. ಇಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ: "ತಮಾ, ಅವ್ರು ನಿನ್ನ ಹತ್ರ ಹಂಗೇ ಹೇಳಿದ್ರಾ?"